ಟಿಪ್ಪರ್ ತಗಡಿನ ಕಂಪ್ಯೂಟರ್ ಡಬ್ಬಿ

ಭಾನುವಾರ ಸಂಜೆ ಸರಿಯಾಗಿ ಏಳು ಇಪ್ಪತ್ತಕ್ಕೆ ನನ್ನ ಹೋಂ ಥಿಯೇಟರಿನಲ್ಲಿ ‘ಕಿರ್ರ್’ ಎಂಬ ಶಬ್ದ ಕೇಳಿಸಿತು. ಅದು ಸ್ಪೀಕರಿನಿಂದ ಬಂದದ್ದಲ್ಲ. ಗೋಡೆಯಿಂದ ಬಂದದ್ದು!

ಮೊದಲಿನಿಂದ ಹೇಳುತ್ತೇನೆ. ನನ್ನ ಅತ್ತೆ ಕಂಪ್ಲಿಯವರು. ಅವರ ಮೊಣಕಾಲು ನೋವಿನ ಚಿಕಿತ್ಸೆ ಹೊಸಪೇಟೆಯಲ್ಲಿ ನಡೆಯಬೇಕಿತ್ತು. ಅಂದರೆ ತಿಂಗಳೊಪ್ಪತ್ತು ನಮ್ಮ ಮನೆಯಲ್ಲಿರಬೇಕಿತ್ತು. ಆದರೆ ಅವರು ಎಲ್ಲಿಯೂ ಒಂದು ವಾರಕ್ಕಿಂತ ಹೆಚ್ಚು ನಿಂತವರಲ್ಲ. ‘ನಮ್ಮವ್ವ ಅರ್ಧಕ್ಕ ಎದ್ದು ಹೋದ್ರ ಕಾಲು ಹಂಗ ಉಳೀತದ್ರೀ’ ಎಂದು ಹೆಂಡತಿ ಶಿವಲೀಲಾ ಕಣ್ಣಲ್ಲಿ ನೀರು ತಂದಳು. ನಾನು ಎದೆ ತಟ್ಟಿ ಹೇಳಿದೆ: ‘ಗೋಡೆಯಷ್ಟು ದೊಡ್ಡ ಧಾರಾವಾಹಿ ತೋರಿಸ್ತೀನಿ. ಹ್ಯಾಂಗ ಹೋಗ್ತಾರ ನೋಡೋಣ!’

ಪ್ರೊಜೆಕ್ಟರ್ ಬಂತು. ಅದಕ್ಕೆ ಧಾರಾವಾಹಿ ಉಣಿಸುವ ಕಂಪ್ಯೂಟರಿನ ಒಳಭಾಗಗಳೂ ಬಂದವು. ಅವನ್ನು ಜೋಡಿಸಿಡಲು ಒಂದು ಪುಟ್ಟ ಕ್ಯಾಬಿನೆಟ್ ಆರಿಸುವುದಷ್ಟೇ ಬಾಕಿ. ಪಡಸಾಲೆಯ ದಿವಾನದ ಮೇಲ್ಗಡೆ, ಗೋಡೆಗೆ ಹಚ್ಚಿದ ಪ್ಲೈವುಡ್ ಹಲಗೆಯ ಮೇಲೆ ಅದು ಕೂರಬೇಕು.

ಅಂಗಡಿಯವನು ಟಿಫಿನ್ ಡಬ್ಬಿಯಷ್ಟು ಚಿಕ್ಕದೊಂದನ್ನು ತೋರಿಸಿದ. ಬೆರಳಿನಿಂದ ತಟ್ಟಿದೆ. ‘ಟಿಣ್’ ಎಂದಿತು.

‘ಇದೇನ್ರೀ, ಬಿಸ್ಕೀಟ್ ಡಬ್ಬಿ ಇದ್ದಂಗ ಐತಿ!’

‘ಕಂಪ್ಯೂಟರ್ ಇಡಾಕ ಇಷ್ಟ ಸಾಕ್ರೀ ಸರ್.’

ನನ್ನ ಸ್ವಾಭಿಮಾನ ಕೆರಳಿತು. ಅತ್ತ ಸಂಡೂರಿನ ಅದಿರಿನ ಗುಡ್ಡ, ಇತ್ತ ತೋರಣಗಲ್ಲಿನ ಉಕ್ಕು. ಇಂಥ ನೆಲದಲ್ಲಿ ಹುಟ್ಟಿ ಎಲ್ಲಿಂದಲೋ ಬಂದ ತೆಳು ತಗಡು ಕೊಳ್ಳುವುದೇ? ನೇರ ವೆಲ್ಡಿಂಗ್ ಶೆಡ್ಡಿಗೆ ಹೋದೆ. ಅಲ್ಲಿ ಅದಿರು ಸಾಗಿಸುವ ಟಿಪ್ಪರುಗಳಿಗೆ ಹೊಸ ತಳ ಕೂರಿಸುತ್ತಾರೆ. ಮಾಲೀಕ ಹುಲುಗಪ್ಪ ನನಗಿಂತಲೂ ಉತ್ಸಾಹಿ.

‘ಸರ್, ಟಿಪ್ಪರ್ ತಳದ ಪ್ಲೇಟು ಒಂದು ತುಂಡು ಉಳದೈತಿ. ಅದರಾಗ ಮಾಡಿಕೊಡ್ಲೇನು? ಮ್ಯಾಲಿಂದ ಅದಿರು ಸುರುವಿದ್ರೂ ಬಗ್ಗಂಗಿಲ್ಲ!’

ನಮ್ಮ ಪಡಸಾಲೆಯಲ್ಲಿ ಯಾರೂ ಅದಿರು ಸುರಿಯುವುದಿಲ್ಲವೆಂದು ಆಗ ಹೊಳೆಯಲಿಲ್ಲ. ‘ಅದನ್ನ ಹಾಕ್ರಿ’ ಎಂದೆ.

ಡಬ್ಬಿ ಸಿದ್ಧವಾಯಿತು. ಚಿಕ್ಕದು, ಚೊಕ್ಕದು. ಎತ್ತಲು ಹೋದೆ. ಡಬ್ಬಿ ಅಲ್ಲೇ ಇತ್ತು; ನನ್ನ ಸೊಂಟ ಮಾತ್ರ ‘ಕಳಕ್’ ಎಂದಿತು! ಆಟೋದಲ್ಲಿ ತಂದು, ಇಳಿಸಲು ಪಕ್ಕದ ಮನೆಯ ಪಂಪಣ್ಣನನ್ನು ಕರೆದೆ.

‘ಏನ್ ಸರ್ ಇದು, ಹಂಪಿಯಿಂದ ಕಲ್ಲಿನ ಕಂಬ ತಂದೀರೇನು?’

‘ಕಂಪ್ಯೂಟರ್ ಕ್ಯಾಬಿನೆಟ್ ಪಂಪಣ್ಣ. ಭಾಳ ಕಾಂಪ್ಯಾಕ್ಟ್.’

‘ಅದನ್ನ ಹೇಳಾಕರ ನಿಮಗ ಉಸಿರು ಉಳದೈತಲ್ಲ, ಪುಣ್ಯವಂತ್ರು!’

ಶಿವಲೀಲಾ ಹಲಗೆಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ‘ರೀ, ನೆಲದ ಮ್ಯಾಲ ಇಡ್ರಿ.’

‘ನೆಲದ ಮ್ಯಾಲ ಇಟ್ರ ಅದು ಥಿಯೇಟರ್ ಅಲ್ಲ, ಗೋಡೌನು!’ ಎಂದು ಪಂಪಣ್ಣನನ್ನೂ ಸೇರಿಸಿಕೊಂಡು ಅದನ್ನು ಹಲಗೆಗೇ ಏರಿಸಿದೆ.

ಕಬ್ಬಿಣದ ಒಳಗೆ ವೈಫೈ ಹೋಗಲಿಲ್ಲ. ‘ನೋಡು, ಗಾಳ್ಯಾಗಿನ ಇಂಟರ್ನೆಟ್ಟೂ ಒಳಗ ನುಗ್ಗವಲ್ದು!’ ಎಂದು ಹೆಮ್ಮೆಪಟ್ಟು ವೈರು ಎಳೆದೆ. ಸ್ವಿಚ್ಚಿಗೆ ತೂತು ಬಿಡಿಸಲು ಮರೆತಿದ್ದೆ. ಗಾಳಿಯ ಕಿಂಡಿಯಲ್ಲಿ ಊದುಬತ್ತಿಯ ಕಡ್ಡಿ ತೂರಿಸಿ ಚಾಲೂ ಮಾಡುವ ಪದ್ಧತಿ ಜಾರಿಗೆ ಬಂತು. ನೋಡಿದವರಿಗೆ ನಾನು ಪೂಜೆಯಲ್ಲಿದ್ದೇನೆ ಎನಿಸಬೇಕು!

ಆ ಭಾನುವಾರ, ಚಿಕಿತ್ಸೆಗೆಂದು ಬಂದಿದ್ದ ಅತ್ತೆ ದಿವಾನದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದರು. ಸರಿಯಾಗಿ ಡಬ್ಬಿಯ ಕೆಳಗೆ. ಅಡುಗೆಮನೆಯಿಂದ ಶಿವಲೀಲಾ ಕೂಗಿದಳು: ‘ಅವ್ವಾ, ಮಿರ್ಚಿ ಭಜಿ ಆರಿ ಹೋಗ್ತಾವು, ಜಲ್ದಿ ಬಾ!’

ಅತ್ತೆ ಎದ್ದು ಅಡುಗೆಮನೆಯ ಹೊಸ್ತಿಲು ದಾಟಿರಬೇಕು. ಆಗಲೇ ಕಿರ್ರ್! ಗೋಡೆಯ ಗಾರೆ ಉದುರಿತು. ಸ್ಕ್ರೂಗಳು ಹೊರಬರುವುದನ್ನು ನಾನು ಕಣ್ಣಾರೆ ಕಂಡೆ. ಡಬ್ಬಿ ದಿವಾನವನ್ನು ಸೀಳಿಕೊಂಡು ನೆಲ ಸೇರಿತು. ಅತ್ತೆ ಒರಗಿದ್ದ ದಿಂಬು ಅದರ ಕೆಳಗೆ ಹಪ್ಪಳವಾಗಿತ್ತು. ಆ ದಿಂಬು ಈಗಲೂ ಕಣ್ಣ ಮುಂದೆ ಬರುತ್ತದೆ.

ನಾನು ಓಡಿದೆ. ಅತ್ತೆಯ ಬಳಿಗಲ್ಲ, ಡಬ್ಬಿಯ ಬಳಿಗೆ! ‘ಒಂದು ಗೀರೂ ಬಿದ್ದಿಲ್ಲ!’ ಎಂದು ಕೂಗಿಯೂಬಿಟ್ಟೆ.

‘ನಮ್ಮವ್ವ ಹ್ಯಾಂಗದಾಳ ಅಂತ ಕೇಳಿದ್ರೇನ್ರೀ?’ ಶಿವಲೀಲಾ ಭಜಿ ಕರಿಯುವ ಜಾರೆಸೌಟು ಹಿಡಿದೇ ಓಡಿಬಂದಳು. ‘ಕಂಪನ್ಯಾಗ ಮಂದಿಗೆ ಹೆಲ್ಮೆಟ್ ಹಾಕ್ರಿ ಅಂತ ಪಾಠ ಹೇಳೋರು ನೀವ ಏನು?’

ನಾನೇ. ಸುರಕ್ಷತಾ ವಿಭಾಗದಲ್ಲಿ ನನಗೆ ಪ್ರತ್ಯೇಕ ಕುರ್ಚಿಯೇ ಇದೆ.

ಅತ್ತೆ ಬೈಯಲಿಲ್ಲ. ‘ನಾ ಗುರುವಾರ ಕಂಪ್ಲಿ ಬಸ್ಸಿಗೆ ಹೋಗ್ತೀನವ್ವಾ’ ಎಂದಷ್ಟೇ ಮಗಳಿಗೆ ಹೇಳಿದರು. ಅಲ್ಲಿಯವರೆಗೆ ಎಲ್ಲೇ ಕುಳಿತರೂ ಮೊದಲು ಚಾವಣಿ ನೋಡುತ್ತಿದ್ದರು. ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದು ಖಚಿತವಾಯಿತು. ನನಗೆ ಕಣ್ಣು ಮುಚ್ಚಿದರೆ ಸ್ಕ್ರೂ, ಕಣ್ಣು ತೆರೆದರೆ ಹೆಂಡತಿ. ನಿದ್ದೆ ಎಲ್ಲಿಯದು?

ಗುರುವಾರ ಬೆಳಿಗ್ಗೆ ಅತ್ತೆ ಚೀಲ ಕಟ್ಟಿಕೊಂಡು ಪಡಸಾಲೆಯ ಕುರ್ಚಿಯಲ್ಲಿ ಆಟೋ ಕಾಯುತ್ತಿದ್ದರು. ಡಬ್ಬಿಯನ್ನು ಎತ್ತುವವರಿಲ್ಲದೆ ಅದು ನೆಲದ ಮೇಲೆಯೇ ಇತ್ತು. ಒಳಗಿನದು ಬದುಕಿದೆಯೇ ಎಂದು ನೋಡಲು ನಾನು ಆಗಲೇ ಚಾಲೂ ಮಾಡಿದ್ದೆ. ಬದುಕಿತ್ತು! ಹೇಳಿದೆನಲ್ಲ, ಅದು ಟಿಪ್ಪರ್ ತಗಡು! ನೋಯುವ ಕಾಲನ್ನು ಇಳಿಬಿಡಲಾರದೆ ಅತ್ತೆ ಅದನ್ನು ಡಬ್ಬಿಯ ಮೇಲೆ ಚಾಚಿದರು. ಸ್ವಲ್ಪ ಹೊತ್ತಿಗೆ ಅವರ ಮುಖದ ಬಿಗುವು ಸಡಿಲವಾಯಿತು.

‘ಅಳಿಯಂದ್ರ, ಇದು ಬೆಚ್ಚಗ ಐತ್ರೀ! ಕಾಲಿಗೆ ಕಾವು ಕೊಟ್ಟಂಗ ಆಗಾಕ ಹತ್ತೇತಿ.’

ಅಂಥ ದಪ್ಪ ಕಬ್ಬಿಣ, ಒಳಗಿನ ಬಿಸಿಯನ್ನೆಲ್ಲ ಹೀರಿ ಹದವಾಗಿ ಕಾದಿತ್ತು. ಆಟೋ ಬಂತು, ಹಾರ್ನ್ ಹೊಡೆಯಿತು, ಹೋಯಿತು. ಅತ್ತೆ ಏಳಲಿಲ್ಲ.

‘ನೋಡಿದ್ಯಾ?’ ಎಂದು ಹೆಂಡತಿಯ ಕಡೆ ಮೀಸೆ ತಿರುವಿ, ಸಂಜೆ ಗೋಡೆಯ ತುಂಬ ಧಾರಾವಾಹಿ ಹಚ್ಚಿದೆ. ಅತ್ತೆ ಕೈ ಅಡ್ಡ ಹಿಡಿದರು.

‘ಆ ಸಿನಿಮಾ ಬಂದ್ ಮಾಡ್ರಿ, ಕಣ್ಣು ಕುಕ್ಕತೈತಿ. ಡಬ್ಬಿ ಅಷ್ಟ ಚಾಲೂ ಇರಲಿ.’

ಬಂದ್ ಮಾಡಿದೆ. ಅತ್ತೆ ಚಿಕಿತ್ಸೆ ಮುಗಿಯುವವರೆಗೂ ಉಳಿದರು. ಆ ಗುರುವಾರ ರಾತ್ರಿ ನಾನು ಬೆಳಗಿನ ತನಕ ಒಂದೇ ನಿದ್ದೆ ಹೊಡೆದೆ. ಹೋಂ ಥಿಯೇಟರ್ ಕಟ್ಟಲು ಹೊರಟು ಕಾಲು ಕಾಯಿಸುವ ಒಲೆ ಮಾಡಿದವನಿಗೆ ಅಷ್ಟಾದರೂ ವಿಶ್ರಾಂತಿ ಬೇಡವೇ!