ಬೋರ್ಡಿನ ಮೇಲೆ ಬಿದ್ದ ಟಾವೆಲ್

ಬಸ್ ಇನ್ನೆಷ್ಟು ನಿಮಿಷಕ್ಕೆ ಬರುತ್ತದೆ ಎಂದು ತೋರಿಸುವ ಬೋರ್ಡುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬಸ್ಸು ತಡವಾಗಬಹುದು, ಬೋರ್ಡು ಕೆಡಬಹುದು; ಆದರೆ ಈ ಕೆಲಸಕ್ಕೆ ಸೇರಿದಂದಿನಿಂದ ನಗೆಪಾಟಲಿನ ಪ್ರಸಂಗ ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ.

ಬಸ್ಸಿನಲ್ಲಿ ಡ್ರೈವರ್ ಪಕ್ಕ ಬುತ್ತಿ ಡಬ್ಬಿಯಷ್ಟು ದೊಡ್ಡ ಯಂತ್ರವೊಂದು ಇರುತ್ತದೆ. ಬಸ್ ಎಲ್ಲಿದೆ ಎಂದು ಅದು ಹೇಳುತ್ತದೆ, ಸ್ಟ್ಯಾಂಡಿನ ಬೋರ್ಡು ಅದನ್ನು ತೋರಿಸುತ್ತದೆ. ನಮ್ಮ ಕಂಪನಿ ಆಳಂದ, ಅಫಜಲಪುರ, ಜೇವರ್ಗಿ ಬಸ್ ಸ್ಟ್ಯಾಂಡುಗಳಲ್ಲಿ ಒಂದೊಂದು ಬೋರ್ಡು ಹಾಕಿ ಮೂರು ತಿಂಗಳ ಗಡುವು ಕೊಟ್ಟಿತು. ಜನ ನೋಡಿದರೆ ಬೋರ್ಡು ಉಳಿಯುತ್ತದೆ, ನೋಡದಿದ್ದರೆ ಬಿಚ್ಚಿ ಬೇರೆ ಜಿಲ್ಲೆಗೆ ಒಯ್ಯುತ್ತೇವೆ ಎಂದು ನಮ್ಮ ಸಾಹೇಬರು ಮೊದಲ ದಿನವೇ ಹೇಳಿದ್ದರು.

ಬಿಚ್ಚಲು ಬಿಡುವುದಿಲ್ಲ ಎಂದು ಅವತ್ತೇ ಹಟ ಹಿಡಿದೆ. ನನ್ನವ್ವ ಹಳ್ಳಿಯ ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ದಿನಾ ಆಳಂದ ಸ್ಟ್ಯಾಂಡಿನಲ್ಲಿ ಕೂತು ಕಂಡ ಕಂಡ ಕಂಡಕ್ಟರನ್ನೆಲ್ಲ ನಮ್ಮ ಬಸ್ ಯಾವಾಗ ಎಂದು ಕೇಳುವುದು, ಅವರು ಈಗ ಬರ್ತದ ಎನ್ನುವುದು. ಎದ್ದು ಹೋದಾಗಲೇ ಬಸ್ ಬಂದುಬಿಟ್ಟರೆ ಎಂಬ ಹೆದರಿಕೆಗೆ ನೀರು ಕುಡಿಯಲೂ ಏಳುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಕಂಟ್ರೋಲರ ಗಂಟಲು

ಜೇವರ್ಗಿಯಲ್ಲಿ ಬೋರ್ಡು ಹಾಕಿದ ಮೇಲೂ ಜನ ಹೋಗುತ್ತಿದ್ದುದು ಬಸ್ಸುಗಳ ವೇಳೆ ಬರೆದುಕೊಳ್ಳುವ ಕಂಟ್ರೋಲರ ಕಿಟಕಿಗೆ. ಬೋರ್ಡು ಆ ಕಿಟಕಿಯ ಮೇಲೆಯೇ ಇದ್ದದ್ದರಿಂದ ಅವರು ಕೂತಲ್ಲಿಗೆ ಕಾಣುವುದಿಲ್ಲ. ಪ್ರತಿ ಸಲ ಎದ್ದು ಹೊರಗೆ ಬಂದು, ಬೋರ್ಡು ನೋಡಿ, ಮತ್ತೆ ಒಳಗೆ ಹೋಗಿ ಕೂತು, ಕಿಟಕಿಯಿಂದ ಹನ್ನೆರಡು ನಿಮಿಷ ಎಂದು ಹೇಳುತ್ತಿದ್ದರು. ಕೇಳಿದವರಿಗೆ ಪರಮ ತೃಪ್ತಿ. ಅಷ್ಟು ಹೊತ್ತೂ ಈ ಜನ ನಿಂತದ್ದು ಬೋರ್ಡಿನ ಕೆಳಗೇ.

ನೀವೇ ಓದಬಹುದಲ್ಲ ಎಂದು ಒಬ್ಬರನ್ನು ಕೇಳಿದೆ. ಓದಿದೆ, ಹನ್ನೆರಡು ಅಂತ ಇದೆ, ಆದರೆ ಖರೆಯೋ ಸುಳ್ಳೋ ಕೇಳಬೇಕಲ್ಲ ಎಂದರು.

ನಾನು ಕಂಟ್ರೋಲರ ಕೈಕಾಲು ಹಿಡಿಯುವುದೊಂದು ಬಾಕಿ. ಒಂದು ದಿನ ಬಾಯಿ ಬಿಡಬೇಡಿ, ಯಾರು ಏನು ಕೇಳಿದರೂ ಬೋರ್ಡಿನ ಕಡೆ ಬೆರಳು ತೋರಿಸಿ ಸಾಕು ಎಂದು ಬೇಡಿಕೊಂಡೆ. ಒಳ್ಳೆಯ ಮನುಷ್ಯರು, ಒಪ್ಪಿದರು. ಬೆಳಿಗ್ಗೆಯಿಂದ ಬರೀ ಬೆರಳು. ಇನ್ನು ಜನ ಕಲಿತೇ ಕಲಿಯುತ್ತಾರೆ ಎಂದು ನಾನು ಬೀಗುತ್ತ ಬೇರೆ ಕೆಲಸಕ್ಕೆ ಹೋದೆ.

ಸಂಜೆ ಬಂದು ನೋಡಿದರೆ ಅವರ ಟೇಬಲ್ಲಿನ ಮೇಲೆ ಶುಂಠಿ, ಲವಂಗ, ಕಲ್ಲುಸಕ್ಕರೆ, ಒಂದು ಸೀಸೆಯಲ್ಲಿ ಬಿಸಿನೀರು. ಕಿಟಕಿಯ ಬಳಿ ನಿಂತಿದ್ದ ಹೆಂಗಸು ನನಗೇ ಗದರಿದಳು: "ಕಂಟ್ರೋಲರ್ ಸಾಹೇಬ್ರ ಗಂಟಲಾ ಕೆಟ್ಟು ಮಾತೇ ನಿಂತದ, ನೀವೇನು ಬೋರ್ಡ್ ನೋಡ್ಕೋತ ನಿಂತೀರಿ?"

ಗೊಬ್ಬೂರದ ಮಿರ್ಚಿ

ಇಡೀ ಅಫಜಲಪುರದಲ್ಲಿ ಬೋರ್ಡನ್ನು ಮೊದಲು ಮನಸಿಟ್ಟು ನೋಡಿದವರು ಒಬ್ಬ ಡ್ರೈವರ್‌ನ ಹೆಂಡತಿ. ಗಂಡನಿಗೆ ಮಧ್ಯಾಹ್ನದ ಬುತ್ತಿ ತರುತ್ತಿದ್ದರು. ಬಸ್ ಬರುವ ಹೊತ್ತು ಸರಿಯಾಗಿ ತಿಳಿದರೆ ರೊಟ್ಟಿ ಬಿಸಿಯಾಗಿ ಮುಟ್ಟಿಸಬಹುದಲ್ಲ. ನಾನು ಖುಷಿಯಿಂದ ಅವರನ್ನು ಕೂರಿಸಿ, ಯಾವ ಸಾಲು ಯಾವ ಬಸ್ಸು, ಈಗ ಯಾವ ಊರಲ್ಲಿದೆ ಎಂಬುದೆಲ್ಲ ಹೇಳಿಕೊಟ್ಟೆ. ಬೇಗ ಕಲಿತರು. ನನ್ನ ಪಾಲಿಗೆ ಸ್ವಲ್ಪ ಜಾಸ್ತಿಯೇ ಬೇಗ.

ನಾಲ್ಕು ದಿನ ಆದಮೇಲೆ ಬಂದು, ಬಸ್ ದಿನಾ ಗೊಬ್ಬೂರದಲ್ಲಿ ಹದಿನೈದು ನಿಮಿಷ ಯಾಕೆ ನಿಲ್ಲುತ್ತದೆ ಎಂದು ಕೇಳಿದರು. ನನಗೆ ಗೊತ್ತಿತ್ತು. ಅಲ್ಲಿ ಸ್ಟಾಪಿನ ಎದುರಿಗೇ ಮಿರ್ಚಿ ಭಜಿ ಬಂಡಿ ಇದೆ. ಡ್ರೈವರ್‌ಗೆ ಡಾಕ್ಟರು ಎಣ್ಣೆಯಲ್ಲಿ ಕರಿದದ್ದು ಮುಟ್ಟಬಾರದು ಎಂದು ಹೇಳಿದ್ದೂ ಗೊತ್ತಿತ್ತು. ಜನ ಹತ್ತಿ ಇಳಿಯಬೇಕಲ್ಲ ಎಂದು ತೊದಲಿದೆ. ಆಯಮ್ಮ ಎದ್ದು ಹೋದರು. ಮರುದಿನ ಬರಿಗೈಯಲ್ಲಿ ಬಂದು, ಗೊಬ್ಬೂರದಲ್ಲೇ ಊಟ ಆಗಿರುವಾಗ ಬುತ್ತಿ ಯಾಕೆ ಎಂದು ಗಂಡನನ್ನು ಎಲ್ಲರೆದುರು ಕೇಳಿದರು.

ಡ್ರೈವರ್ ನನ್ನನ್ನು ಶೌಚಾಲಯದ ಹಿಂದಕ್ಕೆ ಕರೆದು, ಇದು ಬೋರ್ಡಲ್ಲ, ನನ್ನ ಮನೆ ಮುರಿಯುವ ಕೆಲಸ ಎಂದು ಬೈದ. ಮರುದಿನದಿಂದ ಅವನ ಬಸ್ ಗೊಬ್ಬೂರಕ್ಕೆ ಬಂದೊಡನೆ ಬೋರ್ಡಿನಿಂದ ಮಾಯ. ಊರು ದಾಟಿದ ಮೇಲೆ ಮತ್ತೆ ಪ್ರತ್ಯಕ್ಷ. ಯಂತ್ರದ ವೈರು ಕೀಳುತ್ತಿದ್ದ. ನಾನು ಎರಡು ಸಲ ಸರಿಮಾಡಿ ಟೇಪು ಸುತ್ತಿದೆ, ಅವನು ಎರಡು ಸಲ ಟೇಪು ಬಿಚ್ಚಿದ. ಕೊನೆಗೆ ಕೈಚೆಲ್ಲಿ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದು ಅವನ ಹೆಂಡತಿಗೆ ನಾನೇ ಸುಳ್ಳು ಹೇಳಿದೆ.

ಆಕೆ ಖಾಲಿ ಸಾಲನ್ನೇ ನೋಡುತ್ತ ಹೇಳಿದರು: "ಕಾಣತಿದ್ದಾಗ ಒಂದು ಪ್ಲೇಟ್ ತಿಂತಿದ್ರು. ಈಗ ಎರಡು ತಿನ್ನಾಕತ್ತಾರ."

ಹತ್ತು ಅಂತ ಬರಿಯಪ್ಪ

ಆಳಂದದಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮಾರುವ ವಯಸ್ಸಾದ ಆಯಿ ಒಬ್ಬಳಿದ್ದಾಳೆ. ಬುಟ್ಟಿ ಹೊತ್ತು ದಿನಕ್ಕೊಂದು ಊರಿನ ಸಂತೆಗೆ ಬಸ್ಸಿನಲ್ಲೇ ಹೋಗುವವಳು. ನಾನು ಲ್ಯಾಪ್‌ಟಾಪ್ ಬಡಿಯುವುದು, ಮೇಲೆ ಬೋರ್ಡಿನಲ್ಲಿ ಅಂಕಿ ಬದಲಾಗುವುದು, ಇವೆರಡನ್ನೂ ನೋಡಿ ನೋಡಿ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ನಾನು ಬರೆದ ಹಾಗೆ ಬಸ್ ಬರುತ್ತದೆ.

"ಇಪ್ಪತ್ತಂತ ಯಾಕ ಬರದೀಯೋ ತಮ್ಮಾ? ಬಿಸಲಾಗ ಕುಂತೀನಿ, ಹತ್ತು ಅಂತ ಬರಿ."

ನಾನು ಬರೆಯುವುದಲ್ಲ ಆಯಿ, ಬಸ್ ಎಲ್ಲಿದೆಯೋ ಅದನ್ನೇ ತೋರಿಸುತ್ತದೆ ಎಂದು ಕಾಲು ತಾಸು ತಿಳಿಸಿ ಹೇಳಿದೆ. ಅಷ್ಟರಲ್ಲಿ ಅಂಕಿ ಇಳಿಯುತ್ತ ಇಳಿಯುತ್ತ ಬಸ್ ಬಂದೇಬಿಟ್ಟಿತು. ಆಯಿ ಬುಟ್ಟಿ ಎತ್ತಿಕೊಂಡು ನನ್ನ ಕೈಗೆ ಒಂದು ಹಿಂಡಿ ಪೊಟ್ಟಣ ಇಟ್ಟಳು. ಇಷ್ಟು ಸಣ್ಣ ಮಾತಿಗೆ ಅಷ್ಟು ಹೊತ್ತು ವಾದ ಮಾಡಬಾರದು ಎಂದು ಬುದ್ಧಿಯನ್ನೂ ಹೇಳಿದಳು.

ಮುತ್ಯಾನ ಸೀಟು

ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಒಳಗೆ ಟಾವೆಲ್ಲೋ ದಸ್ತಿ ಎನ್ನುವ ಕರವಸ್ತ್ರವೋ ಎಸೆದರೆ ಆ ಸೀಟು ಎಸೆದವನದ್ದು. ಅವನು ಬಂದು ತಾನಾಗಿ ತೆಗೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಯಾವ ಕಾನೂನು ಮುರಿದರೂ ಮುರಿದಾರು, ಇದನ್ನು ಮಾತ್ರ ಯಾರೂ ಮುರಿಯುವುದಿಲ್ಲ.

ಆಳಂದದಲ್ಲಿ ಕೋಲೂರಿ ನಡೆಯುವ ಒಬ್ಬ ಮುತ್ಯಾ, ಬಸ್ಸಿನ ಹಿಂದೆ ಓಡಿ ಕಿಟಕಿಗೆ ಎಸೆಯುವ ಕಾಲು ತನಗೆ ಇನ್ನಿಲ್ಲ ಎಂದು ಲೆಕ್ಕ ಹಾಕಿ, ಬೋರ್ಡಿನಲ್ಲಿ ತನ್ನ ಬಸ್ಸಿನ ಹೆಸರು ಮೂಡಿದ ಕೂಡಲೇ ಕೋಲಿನಿಂದ ಟಾವೆಲ್ ಎತ್ತಿ ಬೋರ್ಡಿಗೇ ಹಾಕಿದ. ಬಸ್ ಬಂತು, ಕಿಟಕಿಯಿಂದ ಟಾವೆಲ್ ಎಸೆದವನಿಗೂ ಮುತ್ಯಾನಿಗೂ ಸೀಟಿಗೆ ಜಗಳ ಎದ್ದಿತು. ಕಂಡಕ್ಟರ್ ಎರಡೂ ಕಡೆಯ ಮಾತು ಕೇಳಿ, ಬೋರ್ಡಿನ ಕಡೆ ತಲೆಯೆತ್ತಿ ನೋಡಿ, ಮೊದಲು ಬಿದ್ದದ್ದು ಮುತ್ಯಾನ ಟಾವೆಲ್ಲೇ ಎಂದು ತೀರ್ಪು ಕೊಟ್ಟು ಕಿಟಕಿಯ ಸೀಟು ಬಿಡಿಸಿಕೊಟ್ಟ.

ಅಂದಿನಿಂದ ಬೋರ್ಡಿನ ಮೇಲೆ ದಿನಾ ನಾಲ್ಕೈದು ಟಾವೆಲ್. ಅವನ್ನು ಮುಟ್ಟುವಂತಿಲ್ಲ, ಸಂದಿಯಲ್ಲಿ ಇಣುಕಿ ಇಣುಕಿ ಅಂಕಿ ನೋಡಿ ನನ್ನ ಕತ್ತು ಸೋತಿತು. ಆದರೂ ಒಳಗೊಳಗೇ ಸಂತೋಷ. ನೋಡದೆ ಯಾರೂ ಟಾವೆಲ್ ಹಾಕುವುದಿಲ್ಲವಲ್ಲ.

ಗಡುವು ಮುಗಿದ ದಿನ

ಮೂರು ತಿಂಗಳಾಯಿತು. ಸಾಹೇಬರು ಜೀಪಿನಲ್ಲಿ ಏಣಿ, ಒಬ್ಬ ಫಿಟ್ಟರ್ ಸಮೇತ ಬಂದರು. ಜೇವರ್ಗಿಯಲ್ಲಿ ಜನರೆಲ್ಲ ಕಂಟ್ರೋಲರ ಕಿಟಕಿಯಲ್ಲಿ ಮುಖ ಇಟ್ಟಿದ್ದರು. ಅಫಜಲಪುರದಲ್ಲಿ ಬಸ್ ಗೊಬ್ಬೂರದ ಹತ್ತಿರ ಮಾಯವಾಯಿತು. ಸಾಹೇಬರ ಮುಖದಲ್ಲೇ ತೀರ್ಮಾನ ಕಾಣುತ್ತಿತ್ತು. ಹೇಗೂ ಆಳಂದಕ್ಕೆ ಹೋಗುತ್ತೇವೆ, ಅಲ್ಲಿಂದಲೇ ಶುರುಮಾಡಿ ಮೂರನ್ನೂ ಬಿಚ್ಚೋಣ ಎಂದರು.

ಆಳಂದ ಸ್ಟ್ಯಾಂಡಿನಲ್ಲಿ ನಾನು ಇನ್ನೊಂದು ತಿಂಗಳು ಕೊಡಿ ಎಂದು ಕೇಳಿದೆ, ವಾದ ಮಾಡಿದೆ, ಕೊನೆಗೆ ಏಣಿ ಹಿಡಿದು ನಿಂತೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ ಬೋರ್ಡಿನ ಸ್ವಿಚ್ ಆರಿಸಿದರು. ಅವ್ವ ಕೂರುತ್ತಿದ್ದ ಕಟ್ಟೆ ಎದುರಿಗೇ ಇತ್ತು. ನನಗೆ ನಿಜವಾಗಿ ಅಳು ಬಂದಿತ್ತು.

ಬೋರ್ಡು ಆರಿದ್ದೇ ತಡ ಜನ ಎದ್ದು ಬಂದರು. ಯಾಕೆ ಬಂದ್ ಮಾಡಿದಿರಿ ಎಂದು ಕೇಳಿದರು. ಬಿಚ್ಚಿ ಒಯ್ಯುತ್ತಾರಂತೆ ಎಂದೆ. ಮುತ್ಯಾ ಮುಂದೆ ಬಂದ. ಹೆಗಲ ಮೇಲಿನ ಟಾವೆಲ್ ತೆಗೆದು ಕೋಲಿನಿಂದ ಬೋರ್ಡಿನ ಮೇಲೆ ಹಾಕಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಆಯಿಯ ಹತ್ತಿರ ಟಾವೆಲ್ ಇರಲಿಲ್ಲ. ಬೆವರು ಒರೆಸಿಕೊಳ್ಳಲು ಸಾಹೇಬರ ದಸ್ತಿ ಕೇಳಿದಳು. ಅವರು ಪಾಪ, ಕೊಟ್ಟರು. ಅದೂ ಮುತ್ಯಾನ ಕೋಲು ಹಿಡಿದು ಮೇಲೇರಿತು.

ಏಣಿ ಹತ್ತಿದ್ದ ಫಿಟ್ಟರ್ ಇದೇ ತಾಲೂಕಿನವನು. ಟಾವೆಲ್‌ಗಳನ್ನು ನೋಡಿ ಸ್ಪ್ಯಾನರ್ ಜೇಬಿಗಿಟ್ಟು ಕೆಳಗಿಳಿದ.

"ಟಾವೆಲ್ ಬಿದ್ದಾವ್ರಿ ಸಾಹೇಬ್ರ. ಹಾಕಿದವರೇ ಬಂದು ತೆಗೀಬೇಕು. ನಾನು ಮುಟ್ಟಂಗಿಲ್ಲ."

ಹಾಗಾದರೆ ಮೊದಲು ನನ್ನ ದಸ್ತಿಯನ್ನಾದರೂ ಕೊಡಿ ಎಂದು ಸಾಹೇಬರು ಆಯಿಯನ್ನು ಕೇಳಿದರು. ಬಸ್ ಬರುವವರೆಗೆ ತೆಗೆಯುವಂತಿಲ್ಲ ಎಂದಳು. ಯಾವ ಬಸ್, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಅವರು ರೇಗಿದರು.

ಆಯಿ ಬುಟ್ಟಿಯ ಪಕ್ಕ ಆರಾಮಾಗಿ ಕೂತು ಹೇಳಿದಳು: "ನಮಗೇನ್ ಗೊತ್ತರಿ? ಬೋರ್ಡ್ ಚಾಲೂ ಮಾಡ್ರಿ, ತೋರಸ್ತದ."

ಇಡೀ ಸ್ಟ್ಯಾಂಡು ನಕ್ಕಿತು. ಸಾಹೇಬರು ಕೊನೆಗೆ ತಾವೂ ನಕ್ಕು, ಹೋಗಿ ಸ್ವಿಚ್ ಹಾಕಿದರು. ಮೂರೂ ಬೋರ್ಡುಗಳು ಉಳಿದವು. ಆಳಂದದ ಬೋರ್ಡಿನಲ್ಲಿ ಒಂದೇ ತೊಂದರೆ. ಬಸ್ ಬರುವ ಮೊದಲೇ ಹೊರಟುಹೋದ ಸಾಹೇಬರ ದಸ್ತಿ ಇನ್ನೂ ಅಲ್ಲೇ ಇದೆ, ಅದರ ಹಿಂದಿನ ಒಂದು ಸಾಲು ಯಾರಿಗೂ ಕಾಣುವುದಿಲ್ಲ. ಆ ಬಸ್ಸಿಗೆ ಕಾಯುವವರು ಈಗಲೂ ಕಂಟ್ರೋಲರ ಕಿಟಕಿಗೆ ಹೋಗಿ ಕೇಳುತ್ತಾರೆ. ತೆಗೆಯಬಾರದೇ ಎಂದು ನನ್ನನ್ನು ಬೈಯುವವರೂ ಇದ್ದಾರೆ. ನಾನು ಹೇಗೆ ತೆಗೆಯಲಿ? ಹಾಕಿದ ಆಯಿಯೂ ಅದು ತನ್ನದಲ್ಲ ಎನ್ನುತ್ತಾಳೆ. ಸಾಹೇಬರೇ ಬರಬೇಕು.