ಅಪ್ಪಣೆಗೆ ಕಾಯುವ ಬಾಡಿಗೆದಾರ

ಎರಡು ಮೂಲಗಳಿಂದ ಖಚಿತವಾಗದ ಸುದ್ದಿಯನ್ನು ನಾನು ಪತ್ರಿಕೆಗೆ ಕಳಿಸಿದವನಲ್ಲ. ಆಳಂದದ ತೊಗರಿ ಧಾರಣೆ ಬರೆಯುವಾಗಲೂ ಇಬ್ಬರು ಅಡತಿ ವರ್ತಕರನ್ನು ಕೇಳುತ್ತಿದ್ದೆ. ಇಂಥ ಶಿಸ್ತಿನ ಮನುಷ್ಯ ಮನೆ ಕೊಳ್ಳುವಾಗ ಎಡವಲು ಸಾಧ್ಯವೇ?

ಸಾಧ್ಯ.

ಎಂಬತ್ತರ ದಶಕದ ಮಾತು. ಗಾಣಗಾಪುರದಲ್ಲಿ ಎರಡು ಖೋಲಿಯ ಮನೆಯೊಂದು ಬಾಡಿಗೆದಾರರ ಸಮೇತ ಮಾರಾಟಕ್ಕಿತ್ತು. ಬಾಡಿಗೆಯಿಂದ ಸಾಲ ತೀರುತ್ತದೆ, ಆಮೇಲೆ ಇನ್ನೊಂದು ಮನೆ, ಅದರ ಬಾಡಿಗೆಯಿಂದ ಮತ್ತೊಂದು! ಯೋಜನೆಯಲ್ಲಿ ದೋಷವೇ ಇರಲಿಲ್ಲ. ಇಲ್ಲದ್ದು ಹಣ ಮಾತ್ರ. ಹೆಂಡತಿ ಶಾಂತಾಳ ಕೈಯಲ್ಲಿ ಅವಳ ತಾಯಿ ಕೊಟ್ಟ ಚಿನ್ನದ ಪಾಟ್ಲಿ ಬಳೆಗಳಿದ್ದವು.

“ಬಾಡಗಿದಾರರು ಎಂಥವರ್ರಿ?” ಎಂದಳು ಶಾಂತಾ.

ಮನೆ ಮಾರುವ ಶಂಕ್ರಪ್ಪ ಹೇಳಿದ್ದನ್ನೇ ನಾನೂ ಹೇಳಿದೆ: “ಗಂಡ ಹೆಂಡತಿ ಇಬ್ಬರ ಅದಾರ. ಅಪ್ಪಣಿ ಆಗೋತನಕ ಕದಲಂಗಿಲ್ಲಂತ.”

ಎರಡನೇ ಮೂಲವಾಗಿ ಎದುರುಮನೆಯವನನ್ನು ವಿಚಾರಿಸಿದ್ದೆ. “ಖರೇ ಅದರಿ. ಅಪ್ಪಣಿ ಕಾಯಾಕತ್ತಾರ” ಎಂದಿದ್ದ. ಅವನು ಶಂಕ್ರಪ್ಪನ ಅಳಿಯ ಎಂಬುದು ಆಮೇಲೆ ತಿಳಿಯಿತು!

ಅಪ್ಪಣೆ ಎಂದರೆ ವರ್ಗಾವಣೆಯ ಆದೇಶ. ಅಂದಮೇಲೆ ಅವರು ಸರ್ಕಾರಿ ನೌಕರರು. ಸರ್ಕಾರದ ಆದೇಶ ಎಷ್ಟು ನಿಧಾನವೆಂದು ನನಗಿಂತ ಹೆಚ್ಚು ಬರೆದವರು ಯಾರು? ಪಾಟ್ಲಿಗಳು ಒತ್ತೆಯಾಗಿ ಸರಾಫನ ತಿಜೋರಿ ಸೇರಿದವು. ದೀಪಾವಳಿಯೊಳಗೆ ಬಿಡಿಸಿಕೊಳ್ಳದಿದ್ದರೆ ಅವು ಅವನವೇ.

ಮೊದಲ ಬಾಡಿಗೆಗೆ ಹೋದೆ. ಬಾಗಿಲು ತೆರೆದವನು ಜೇವರ್ಗಿ ಕಡೆಯ ಮಲ್ಲಣ್ಣ. ಹೆಗಲಲ್ಲಿ ಜೋಳಿಗೆ.

“ನಿಮ್ಮ ಅಪ್ಪಣಿ ಯಾವ ಸಾಹೇಬರು ಕೊಡಬೇಕು?”

ಅವನು ಗುಡಿಯ ಕಡೆ ಕೈಮುಗಿದ. “ದತ್ತ ಮಹಾರಾಜರ್ರಿ. ಕನಸಿನಾಗ ಬಂದು ‘ಊರಿಗಿ ಹೋಗು’ ಅನ್ನೋತನಕ ಸೇವಾ ಬಿಡಂಗಿಲ್ರಿ.”

ಒಳಗೆ ಅವನ ಹೆಂಡತಿ ಗೋಡೆಗೆ ಮುಖಮಾಡಿ ಕುಳಿತಿದ್ದಳು. ಮಗಳು ತೀರಿಹೋದಾಗಿನಿಂದ ಆಕೆ ಮಾತಾಡಿಲ್ಲವಂತೆ; ಈ ಸೇವೆ ಅವಳು ಗುಣವಾಗಲೆಂದೇ.

“ಬಾಡಿಗೆ?” ಎಂದೆ, ಸಣ್ಣ ದನಿಯಲ್ಲಿ.

“ಉಣ್ಣೋದೇ ಐದು ಮನಿ ಭಿಕ್ಷಾ ಬೇಡಿ ತರ್ತೇನ್ರಿ. ಶಂಕ್ರಪ್ಪನವರೂ ಕೇಳೋದು ಬಿಟ್ಟಿದ್ರು. ಇದರಾಗ ನಿಮ್ಮ ಪಾಲು ತಗೋರಿ.”

ಮಾಲೀಕನಾಗಿ ನನ್ನ ಪ್ರಥಮ ಆದಾಯ: ಒಂದು ರೊಟ್ಟಿ, ಮೇಲೆ ಪುಂಡಿಪಲ್ಯ!

“ನಿಮ್ಮ ಕೈಲಿ ಆಗಂಗಿಲ್ಲ, ನಾ ಬರ್ತೇನಿ. ಖಾಲಿ ಮಾಡಿಸೇ ಬಿಡ್ತೇನಿ” ಎಂದು ಶಾಂತಾ ಸೆರಗು ಬಿಗಿದು ಹೊರಟಳು. ಅಲ್ಲಿ ಮಲ್ಲಣ್ಣನ ಹೆಂಡತಿಯ ಪಕ್ಕ ಕುಳಿತು ಅವಳ ತಲೆ ಬಾಚಿದಳು, ನಾವು ಕಟ್ಟಿಕೊಂಡು ಹೋಗಿದ್ದ ಬುತ್ತಿಯನ್ನೂ ಅವರಿಗೇ ಕೊಟ್ಟು ಬಂದಳು. ಖಾಲಿಯಾದದ್ದು ಬುತ್ತಿ!

ಉಳಿದವರು ಮೇಲಿನ ಅಧಿಕಾರಿಯೊಬ್ಬರೇ. ದೀಪಾವಳಿ ಹತ್ತಿರ ಬಂದಾಗ ನಾನೇ ಗುಡಿಗೆ ಹೋಗಿ, ಮಲ್ಲಣ್ಣನ ಅಪ್ಪಣೆಯನ್ನು ಶೀಘ್ರವಾಗಿ ದಯಪಾಲಿಸಬೇಕೆಂದು ಸವಿನಯ ಹರಕೆ ಹೊತ್ತೆ. ಬೇರೊಬ್ಬ ಬಾಡಿಗೆದಾರ ದೊಡ್ಡ ಮುಂಗಡ ಕೊಡಲು ತಯಾರಿದ್ದ. ಪಾಟ್ಲಿ ಬಿಡಿಸಲು ಅದು ಸಾಕಿತ್ತು.

ವಾರದೊಳಗೆ ಮಲ್ಲಣ್ಣ ಆಳಂದದ ನಮ್ಮ ಮನೆಗೇ ಬಂದ. ಮುಖ ಅರಳಿತ್ತು.

“ಸಾಹೇಬ್ರ, ಕನಸಾತ್ರಿ! ಮಹಾರಾಜರು ಬಂದಿದ್ರು!”

ನನ್ನ ಕಣ್ಣಲ್ಲಿ ನೀರು ಬಂತು. “ಏನಂದ್ರಪ್ಪ?”

“‘ಅವಸರ ಮಾಡಬ್ಯಾಡ, ಅದೇ ಮನಿಯಾಗ ಇರು’ ಅಂದ್ರು!”

ಹರಕೆ ಮುಟ್ಟಿತ್ತು. ತಲುಪಿದ ಅರ್ಥ ಮಾತ್ರ ಬೇರೆಯಾಗಿತ್ತು.

ದೀಪಾವಳಿ ಕಳೆಯಿತು. ಸರಾಫನ ಅಂಗಡಿಯಿಂದ ಬರಿಗೈಲಿ ಬಂದೆ. ಶಾಂತಾ ರೊಟ್ಟಿ ತಟ್ಟುತ್ತಿದ್ದಳು. ನಾನೇ, “ಮುಂದೆ ಮಾಡಿಸಿ ಕೊಡ್ತೇನಿ” ಎಂದೆ.

“ಹೌದ್ರಿ,” ಎಂದಳು ತಲೆಯೆತ್ತದೆ. “ಅಪ್ಪಣಿ ಆಗಲಿ.”

ಪಾಟ್ಲಿಗಳು ಹೋದವು ಎಂಬ ಸುದ್ದಿ ಎರಡು ಮೂಲಗಳಿಂದ ಖಚಿತವಾಗಿದೆ. ಒಂದು, ಸರಾಫ. ಇನ್ನೊಂದು, ರೊಟ್ಟಿ ತಟ್ಟುವಾಗ ಪಾಟ್ಲಿಯ ಸದ್ದೇ ಮಾಡದ ಆ ಕೈಗಳು. ಈ ಸಲ ಮೂಲಗಳಿಗೆ ಪರಸ್ಪರ ಸಂಬಂಧವಿಲ್ಲ.