ಎಡಗೈ ಎತ್ತಿದರೆ

“ಕೇಳೋದಾ? ಗಂಡಸಾದೋನು ಕೇಳ್ಕೊಂಡು ಕೂರ್ತಾನಾ ಅಕ್ಕ? ಹಾಸ್ಟೆಲ್ಲಲ್ಲಿ ನನ್ನ ಮಾನ ಉಳಿಯುತ್ತಾ?”

ದಂತವೈದ್ಯೆಯಾದ ಅಕ್ಕನ ಉದ್ದನೆಯ ಕುರ್ಚಿಯಲ್ಲಿ ಅಂಗಾತ ಒರಗಿಕೊಂಡೇ ತಮ್ಮ ವಾದಿಸುತ್ತಿದ್ದ. ಕಾಲೇಜಿನ ಕೊನೆಯ ವರ್ಷದವನು. ಹಲ್ಲುನೋವೆಂದು ಬಂದವನು ಸಂಜೆಯ ಯೋಜನೆಯನ್ನು ಬಾಯಿತಪ್ಪಿ ಹೇಳಿಬಿಟ್ಟಿದ್ದ: ಸಹಪಾಠಿಯೊಬ್ಬಳ ಜೊತೆ ಸಿನಿಮಾ, ದೀಪ ಆರಿದೊಡನೆ ಕೇಳದೆಯೇ ಮುತ್ತು.

ಅಕ್ಕ: ಹೋದ ವಾರ ಮುತ್ತು ಬೇಡ ಅಂದ್ಲು ಅಂದ್ಯಲ್ಲೋ?

ತಮ್ಮ: ಅದು ಬಾಯಿಮಾತು ಕಣೇ. ಸಿನಿಮಾಕ್ಕೆ ತಾನಾಗೇ ಬರ್ತಿದಾಳಲ್ಲ! ಅಲ್ಲಿಗೆ ಒಪ್ಪಿದ ಹಾಗೇ.

ಅಕ್ಕ: ಹಾಗಂತ ಯಾರು ಹೇಳಿದ್ದು?

ತಮ್ಮ: ನನ್ನ ರೂಮಿನ ಮೂವರೂ.

ಅಕ್ಕ: ಅವರಲ್ಲಿ ಹುಡುಗಿ ಜೊತೆ ಸಿನಿಮಾಕ್ಕೆ ಹೋದವರೆಷ್ಟು ಜನ?

ತಮ್ಮ: ಯಾರೂ ಹೋಗಿಲ್ಲ... ಆದ್ರೆ ತುಂಬಾ ಯೋಚ್ನೆ ಮಾಡಿದಾರೆ.

ಪಕ್ಕದಲ್ಲಿ ನಿಂತಿದ್ದ ನರ್ಸಮ್ಮನ ನಗು ಮಾಸ್ಕಿನೊಳಗಿಂದ ಕೇಳಿಸಿತು. ಅಕ್ಕ ದೀಪವನ್ನು ಅವನ ಮುಖಕ್ಕೆ ತಿರುಗಿಸಿ ಬಾಯಿ ತೆರೆಸಿದಳು. ಇಣುಕಿ ನೋಡಿ ಕೈ ಚಾಚಿದಳು.

ಅಕ್ಕ: ನರ್ಸಮ್ಮ, ಇಕ್ಕಳ ಕೊಡಿ.

ತಮ್ಮ: ಇಕ್ಕಳ ಯಾಕೆ? ಬರೀ ನೋಡ್ತೀನಿ ಅಂದಿದ್ದೆ ನೀನು!

ಅಕ್ಕ: ನೀನಾಗೇ ಬಂದೆ, ನೀನಾಗೇ ಬಾಯಿ ತೆಗೆದೆ. ಅಲ್ಲಿಗೆ ಒಪ್ಪಿದ ಹಾಗೇ.

ತಮ್ಮ: ಬೇಡ ಅಂತಿದೀನಲ್ಲೇ!

ಅಕ್ಕ: ಅದು ಬಾಯಿಮಾತು.

ನರ್ಸಮ್ಮ: ಗಂಡಸರು ಡಾಕ್ಟ್ರೇ, ಮರಗಟ್ಟೋ ಇಂಜೆಕ್ಷನ್ನೂ ಬೇಡವೇನೋ!

ಇಕ್ಕಳ ಮೂಗಿನ ನೇರಕ್ಕೆ ಬಂದಾಗ ತಮ್ಮನ ಕಣ್ಣು ಗೋಡೆಯ ಫಲಕಕ್ಕೆ ಬಿತ್ತು. ‘ಎಡಗೈ ಎತ್ತಿದರೆ ನಿಲ್ಲಿಸುತ್ತೇನೆ.’ ಅವನು ಎಡಗೈ ಎತ್ತಿದ. ಇರಲಿ ಎಂದು ಬಲಗೈಯನ್ನೂ ಎತ್ತಿದ.

ಅಕ್ಕ ಆ ಕ್ಷಣವೇ ಇಕ್ಕಳವನ್ನು ತಟ್ಟೆಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

ಅಕ್ಕ: ಕೀಳೋ ಅಂಥದ್ದೇನೂ ಇಲ್ಲ, ಹುಳುಕು ತುಂಬಿದ್ರೆ ಸಾಕು. ಆದ್ರೆ ಕೇಳು, ಹನ್ನೆರಡು ವರ್ಷದಲ್ಲಿ ಎತ್ತಿದ ಕೈ ಮೀರಿ ಒಂದ್ಸಲಾನೂ ಮುಂದುವರಿದಿಲ್ಲ. ಅದಕ್ಕೇ ಜನ ನನ್ನೆದುರು ನಂಬಿ ಬಾಯಿ ತೆಗೀತಾರೆ.

ತಮ್ಮ ಕುರ್ಚಿಯಲ್ಲಿ ಎದ್ದು ಕೂತ. ತಾನು ‘ಬೇಡ’ ಎಂದಾಗ ಅದು ಬಾಯಿಮಾತಾಗಿರಲಿಲ್ಲ. ಅವನು ಫೋನ್ ತೆಗೆದು ಆ ಹುಡುಗಿಗೆ ಟೈಪ್ ಮಾಡಿದ, ಅಳಿಸಿದ, ಮತ್ತೆ ಟೈಪ್ ಮಾಡಿದ: ‘ಇವತ್ತು ಮುತ್ತು ಕೊಡಬಹುದಾ?’ ಉತ್ತರ ತಕ್ಷಣವೇ ಬಂತು.

ಅಕ್ಕ: ಏನಂತೆ?

ತಮ್ಮ: ‘ಬೇಡ. ಕೇಳಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಇವತ್ತೇ ಕೊನೇ ಸಿನಿಮಾ ಆಗ್ತಿತ್ತು’ ಅಂತೆ.

ಅಕ್ಕ: ನೀನೇನು ಮಾಡ್ತೀಯ?

ತಮ್ಮ: ಕೈ ಎತ್ತಿದಾಳಲ್ಲ. ಸಿನಿಮಾ ನೋಡ್ತೀನಿ.

ಫೋನ್ ಜೇಬಿಗಿಳಿಸಿ ದನಿ ತಗ್ಗಿಸಿದ.

ತಮ್ಮ: ಅಕ್ಕ, ಆ ಮರಗಟ್ಟೋ ಇಂಜೆಕ್ಷನ್ ಒಂದು ಕೊಟ್ಬಿಡೇ. ತುಟಿ ಮರಗಟ್ಟಿತ್ತು, ಮುತ್ತು ಕೊಡೋಕಾಗ್ಲಿಲ್ಲ ಅಂತ ರೂಮಲ್ಲಿ ಹೇಳ್ಕೋತೀನಿ. ಒಂದೇ ಒಂದು!

ಅಕ್ಕ ಎಡಗೈ ಎತ್ತಿದಳು.